ಮೊದಲ ಬುತ್ತಿ

ಸ್ಪಿರಿಟ್ಟಿನ ಘಾಟು, ಅದರ ನಡುವೆ ತೆಂಗಿನಹಾಲಿನಲ್ಲಿ ಬೇಯುತ್ತಿರುವ ಅನ್ನದ ಪರಿಮಳ. ಈ ಎರಡೂ ಒಟ್ಟಿಗೆ ಮೂಗಿಗೆ ಬಂದರೆ ಮುರ್ನಿ ಇವತ್ತಿಗೂ ನಾಲ್ಕು ವರ್ಷದ ಹುಡುಗಿಯಾಗಿಬಿಡುತ್ತಾಳೆ. ಡಾಕ್ಟರ್ ಕುಸ್ಮಿಯಾತಿಯವರ ಮನೆಯ ಮುಂಭಾಗ ಕ್ಲಿನಿಕ್ಕು, ಹಿಂಭಾಗ ಅಡುಗೆಮನೆ. ನಡುವೆ ಒಂದು ತೆಳ್ಳನೆಯ ಪರದೆ. ವಾಸನೆಗಳಿಗೆ ಪರದೆಯ ಮುಲಾಜು ಎಲ್ಲಿದೆ?

ಆ ದಿನ ಚಿಕ್ಕಮ್ಮ ವಾರ್ಸಿನಾ ಅವಳ ಕೈ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ಮದುವೆಯಾಗಿ ವರ್ಷಗಳೇ ಕಳೆದಿದ್ದರೂ ವಾರ್ಸಿನಾಳ ಮಡಿಲು ತುಂಬಿರಲಿಲ್ಲ. ಜಾವಾ ದ್ವೀಪದ ಈ ಜೋಗ್ಯದ ಕಡೆ ಅಂಥವರು ಮಾಡುವುದನ್ನೇ ಅವಳೂ ಮಾಡಿದ್ದಳು. ಅಕ್ಕನ ಮಕ್ಕಳಲ್ಲಿ ಒಂದನ್ನು ಮನೆಗೆ ತಂದಿಟ್ಟುಕೊಂಡಿದ್ದಳು. ಮಗುವಿನ ನಗು, ಅಳು ಮನೆಯಲ್ಲಿ ಕೇಳಿದರೆ ಸ್ವಂತ ಮಗುವೂ ಹಿಂದೆಯೇ ಬರುತ್ತದಂತೆ. ಹಾಗೆ ತಂದ ಮಗುವಿಗೆ ಊರವರು ಇಟ್ಟ ಹೆಸರು ಗಾಳದ ಕೂಸು.

"ಇವಳ್ಯಾರು?" ಎಂದು ಕೇಳಿದರು ಡಾಕ್ಟರ್.

"ಅಕ್ಕನ ಮಗಳು, ಬು ಡಾಕ್ಟರ್. ಗಾಳಕ್ಕೆ ಅಂತ ತಂದಿದ್ದೀವಿ." ಬು ಅಂದರೆ ಅಮ್ಮ; ಊರಿಗೆಲ್ಲ ಅವರು ಬು ಡಾಕ್ಟರ್.

ಡಾಕ್ಟರ್ ಕನ್ನಡಕ ತೆಗೆದರು. "ಮೀನು ಸಿಕ್ಕಿದ ಮೇಲೆ ಹುಳದ ಗತಿ ಏನು, ವಾರ್ಸಿನಾ?"

ವಾರ್ಸಿನಾ ತಲೆ ತಗ್ಗಿಸಿದಳು. ಡಾಕ್ಟರ್ ಮೊಣಕಾಲೂರಿ ಕೂತು, "ಊಟ ಆಯ್ತಾ ಪುಟ್ಟಿ?" ಎಂದು ಮುರ್ನಿಯನ್ನು ಕೇಳಿದರು. ಆಮೇಲೆ ಪರದೆಯ ಆಚೆಯಿಂದ ಬಾಳೆಲೆಯಲ್ಲಿ ಬಿಸಿ ಅನ್ನ ಬಂತು. ಅಲ್ಲಿಂದಾಚೆಗಿನದು ಮುರ್ನಿಗೆ ನೆನಪಿಲ್ಲ.

ಊರಿಗೆಲ್ಲ ನೆನಪಿರುವುದು ಬೇರೆ. ಕೂದಲಿಗಿಂತ ಸಣ್ಣ ದಾರ ಹಿಡಿದು, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, ಮುಚ್ಚಿಹೋಗಿದ್ದ ಗರ್ಭನಾಳವನ್ನು ಬಿಡಿಸಿ ಹೊಲಿದ ಮೊದಲ ಕೈ ಈ ಊರಿನಲ್ಲಿ ಅವರದು. ಕೈ ನಡುಗಬಾರದೆಂದು ಅವರು ಬೆಳಿಗ್ಗೆ ಬೆಳಿಗ್ಗೆ ಬಟ್ಟೆಯ ಮೇಲೆ ಬಿಸಿ ಮೇಣದ ಬಾತಿಕ್ ಗೆರೆ ಎಳೆಯುತ್ತಿದ್ದರಂತೆ. ಆ ಕೈ ಮೊದಲು ಹೊಲಿದದ್ದು ವಾರ್ಸಿನಾಳನ್ನು. ಮರುವರ್ಷ ಕಿನಾಂತಿ ಹುಟ್ಟಿದಳು. ಪತ್ರಿಕೆಯಲ್ಲಿ ಫೋಟೋ ಬಂತು. ಡಾಕ್ಟರ ತೋಳಿನಲ್ಲಿ ಬಿಳಿ ಬಟ್ಟೆ ಸುತ್ತಿದ ಕಿನಾಂತಿ, ಪಕ್ಕದಲ್ಲಿ ಅಳುತ್ತ ನಗುವ ವಾರ್ಸಿನಾ.

ಆ ಫೋಟೋ ಈಗಲೂ ವಾರ್ಸಿನಾಳ ಮನೆಯ ಮುಂದಿನ ಕೋಣೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಕೂತಿದೆ. ಅದರ ಅಂಚಿನಲ್ಲಿ, ಡಾಕ್ಟರ ಕೋಟನ್ನು ಹಿಡಿದ ನಾಲ್ಕು ಪುಟ್ಟ ಬೆರಳುಗಳಿವೆ. ಬೆರಳುಗಳ ಹಿಂದಿನ ಹುಡುಗಿಯನ್ನು ಪತ್ರಿಕೆಯವರು ಕತ್ತರಿಸಿಬಿಟ್ಟಿದ್ದಾರೆ.

ಮುರ್ನಿಯನ್ನು ಯಾರೂ ವಾಪಸು ಕಳಿಸಲಿಲ್ಲ, ಬೈಯಲೂ ಇಲ್ಲ. ಹೊಸ ಬಟ್ಟೆ ಇಬ್ಬರಿಗೂ ಬರುತ್ತಿತ್ತು. ಆದರೂ ಆ ಫೋಟೋದ ಧೂಳು ಒರೆಸುವಾಗ ಇಷ್ಟು ವರ್ಷವಾದರೂ ಅವಳ ಎದೆಯೊಳಗೆ ಒಂದು ಸಣ್ಣ ಮುಳ್ಳು ಆಡುತ್ತದೆ.

*

ಜತ್ಮಿಕೋ ಮೊದಲ ಸಲ ಬಂದದ್ದು ಹಿಂಬಾಗಿಲಿನಿಂದ.

ಕೋತಾಗೆಡೆಯ ಓಣಿಯಲ್ಲಿ ಮುರ್ನಿಯ ಅಡುಗೆಗೆ ಹೆಸರಿತ್ತು. ಮದುವೆ, ಏಳು ತಿಂಗಳ ಸೀಮಂತ, ಸತ್ತವರ ನೂರನೇ ದಿನ, ಎಲ್ಲದಕ್ಕೂ ಬಿದಿರಿನ ಪೆಟ್ಟಿಗೆಯಲ್ಲಿ ಬುತ್ತಿ ಕಟ್ಟಿ ಕೊಡುವವಳು ಅವಳೇ. ಅವಳು ಬಾಣಲೆಯ ಮುಂದೆ ನಿಂತಿದ್ದಾಗ ಬಾಗಿಲಲ್ಲಿ ಉದ್ದನೆಯ ನೆರಳು ಬಿತ್ತು.

"ಅಡುಗೆಗೆ ಹೇಳ್ಬೇಕಿತ್ತು."

"ಮುಂದಿನ ಬಾಗಿಲಿಂದ ಬನ್ನಿ ಮಾಸ್. ಇದು ಬೆಕ್ಕುಗಳ ಬಾಗಿಲು" ಎಂದಳು. ಮಾಸ್ ಅಂದರೆ ಪ್ರಾಯದ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು.

"ಬೆಕ್ಕಿಗಾದ್ರೆ ಏನಾದ್ರೂ ಸಿಗುತ್ತಲ್ಲಾ ಅಂತಲೇ ಇಲ್ಲಿ ಬಂದೆ."

ಮುರ್ನಿ ತಿರುಗಿ ನೋಡಿದಳು. ನೆತ್ತಿಯ ಮೇಲೆ ಒಂದು ಜುಟ್ಟು ಎಷ್ಟು ಬಾಚಿದರೂ ಕೂರುವುದಿಲ್ಲ ಎಂಬಂತೆ ಎದ್ದು ನಿಂತಿತ್ತು. ಕಣ್ಣಿನಲ್ಲಿ ನಗು, ತುಟಿಯಲ್ಲಿ ಮಾತ್ರ ಸಭ್ಯತೆ. ಅವಳು ಸೋಯಾಕಾಳು ಹುದುಗಿಸಿ ಮಾಡಿದ ಟೆಂಪೆಯ ಕರಿದ ತುಂಡೊಂದನ್ನು ಎಲೆಯ ಮೇಲಿಟ್ಟು ಚಾಚಿದಳು. ಅವನು ಊದಿ ಊದಿ ತಿಂದ.

"ಉಪ್ಪು ಸರಿ ಇದೆಯಾ?"

"ಗೊತ್ತಾಗ್ಲಿಲ್ಲ. ಇನ್ನೊಂದು ಕೊಟ್ರೆ ಹೇಳ್ತೀನಿ."

ಅವನು ಡಾಕ್ಟರ್ ಕುಸ್ಮಿಯಾತಿಯವರ ಶಿಷ್ಯ, ಈಗ ಅವರ ಕ್ಲಿನಿಕ್ಕಿನಲ್ಲಿ ಆಪರೇಷನ್ ಮಾಡುವವನು ಅವನೇ ಎಂದು ಎರಡನೆಯ ತುಂಡು ಮುಗಿದ ಮೇಲೆ ಗೊತ್ತಾಯಿತು. ಡಾಕ್ಟರ್ ತೀರಿಕೊಂಡು ಸಾವಿರ ದಿನ ತುಂಬುತ್ತ ಬಂದಿತ್ತು. ಆ ದಿನದ ಪ್ರಾರ್ಥನೆಗೆ ಊರೆಲ್ಲ ಬರುತ್ತದೆ, ಬುತ್ತಿ ಆಗಬೇಕು.

ಅವನು ಹೋದ ಮೇಲೆ ಮುರ್ನಿ ಕನ್ನಡಿ ನೋಡಿಕೊಂಡಳು. ಕೆನ್ನೆಯ ಮೇಲೆ ಮಸಿ. ಅವನು ಹೇಳಬಹುದಿತ್ತಲ್ಲ ಎಂದು ಸಿಟ್ಟು ಬಂತು. ಹೇಳದೆ ಅಷ್ಟು ಹೊತ್ತು ನೋಡಿದನಲ್ಲ ಎಂದು ಆಮೇಲೆ ನಗು ಬಂತು.

ಮುಂದಿನ ಸಲ ಅವನು ಮುಂಬಾಗಿಲಿನಿಂದಲೇ ಬಂದ.

ಮುಂದಿನ ಕೋಣೆಯಲ್ಲಿ ಕಿನಾಂತಿ ಇದ್ದಳು. ರೇಡಿಯೋದಲ್ಲಿ ಮಾತಾಡುವುದು ಅವಳ ಕೆಲಸ. ಕಲ್ಲನ್ನು ಎದುರಿಗೆ ಕೂರಿಸಿದರೂ ಅವಳು ಅದನ್ನು ನಗಿಸುತ್ತಾಳೆ. ಸಾವಿರದ ದಿನದ ಸಭೆಯಲ್ಲಿ ಡಾಕ್ಟರ ಮೊದಲ ಕೂಸೆಂದು ಅವಳು ನಾಲ್ಕು ಮಾತಾಡಬೇಕಿತ್ತು. ಅದರ ಚರ್ಚೆಯೆಂದು ಅವನು ಕೂತ. ಸಂಜೆಯಾಯಿತು. ನಗು ಅಡುಗೆಮನೆಯ ತನಕ ಬಂತು.

"ಕೇಳಿ ಮಾಸ್, ಆಗಿನ ಕಾಲದಲ್ಲಿ ಬು ಡಾಕ್ಟರ್ ಗಂಡಂದಿರನ್ನೇ ಮೊದಲು ಪರೀಕ್ಷೆ ಮಾಡ್ತಿದ್ರಂತೆ. ನಮ್ಮಪ್ಪ ಗುರುತು ಸಿಗಬಾರದು ಅಂತ ಹೆಲ್ಮೆಟ್ ಹಾಕ್ಕೊಂಡು ಕ್ಲಿನಿಕ್ಕಲ್ಲಿ ಕೂತಿದ್ರಂತೆ. ಹೋಗಿದ್ದು ನಡ್ಕೊಂಡು!"

ಜತ್ಮಿಕೋ ನಕ್ಕ ನಗುವಿಗೆ ಅಡುಗೆಮನೆಯ ಲೋಟಗಳೂ ಅಲುಗಿದಂತಾಯಿತು. ಈ ಕತೆಯನ್ನು ಕಿನಾಂತಿಗೆ ಹೇಳಿದವಳು ಮುರ್ನಿ. ತಾನೇ ಹೇಳಿದ್ದರೆ ಅವನು ಹೀಗೆ ನಗುತ್ತಿದ್ದನೇ?

ವಾರ್ಸಿನಾ ಒಳಗೆ ಬಂದು, "ಚಹಾ ತಗೊಂಡು ಹೋಗಮ್ಮ" ಎಂದಳು.

ಮದುವೆಯ ವಯಸ್ಸಿನ ಗಂಡಸು ಬಂದು ಕೂತ ಮನೆಯಲ್ಲಿ ಚಹಾದ ತಟ್ಟೆ ಯಾರ ಕೈಯಲ್ಲಿ ಬರುತ್ತದೋ ಎಲ್ಲರ ಕಣ್ಣೂ ಅವಳ ಮೇಲೆ. ಹೆಣ್ಣು ತೋರಿಸುವ ರೀತಿಯೇ ಅದು. ಮುರ್ನಿ ತಟ್ಟೆ ಎತ್ತಿಕೊಂಡಳು. ಪರದೆಯ ಸಂದಿಯಲ್ಲಿ ನೋಡಿದಳು. ಅವನು ಮುಂದಕ್ಕೆ ಬಾಗಿ ಕಿನಾಂತಿಯ ತಲೆಯ ಮೇಲೆ ಗೋಡೆಯಲ್ಲಿದ್ದ ಆ ಫೋಟೋವನ್ನು ಕಣ್ಣು ಕೀಳದೆ ನೋಡುತ್ತಿದ್ದ. ಪತ್ರಿಕೆಗೆ ಬಂದ ಕೂಸು. ಎಲ್ಲರೂ ನೋಡುವುದು ಅದನ್ನೇ.

"ಕಿನಾಂತಿ, ಇಲ್ಲಿ ಬಾ. ನೀನೇ ಕೊಡು" ಎಂದಳು.

"ನಾನ್ಯಾಕೆ? ನಿನ್ನ ಕೈಗೇನಾಗಿದೆ?"

"ಹಿಟ್ಟಾಗಿದೆ."

ಕೈಗೆ ಹಿಟ್ಟೇನೂ ಆಗಿರಲಿಲ್ಲ.

*

ಅವನು ಬರುತ್ತಲೇ ಇದ್ದ. ಅಂಗಳದಲ್ಲಿ ಶಾಮಿಯಾನ ಎಲ್ಲಿ ಹಾಕಿಸುವುದು, ಚಾಪೆ ಯಾರ ಮನೆಯಿಂದ ತರುವುದು, ಪ್ರತಿ ಸಲಕ್ಕೂ ಒಂದು ನೆಪ. ಪ್ರತಿ ಸಲವೂ ಚಹಾ ಕಿನಾಂತಿಯ ಕೈಯಲ್ಲೇ ಹೋಯಿತು. ಹೊರಡುವಾಗ ಅವನು ಬಾಗಿಲ ಬಳಿ ಬಿದ್ದಿದ್ದ ವಾರ್ಸಿನಾಳ ಚಪ್ಪಲಿಯನ್ನು, ಮುದುಕಿಯ ಕಾಲಿಗೆ ಸುಲಭವಾಗಲೆಂದು, ಹೊರಮುಖ ಮಾಡಿ ಜೋಡಿಸಿಡುತ್ತಿದ್ದ. ಖಾಲಿ ಲೋಟವನ್ನು ತಾನೇ ಅಡುಗೆಮನೆಯ ಬಾಗಿಲಿಗೆ ತಂದಿಡುತ್ತಿದ್ದ.

"ನಿಮ್ಮ ಊಟ ಆಯ್ತಾ?" ಎಂದು ಕೇಳುತ್ತಿದ್ದ.

"ಅಡುಗೆಯವರಿಗೆ ಏನು ಊಟ ಮಾಸ್, ರುಚಿ ನೋಡಿಯೇ ಹೊಟ್ಟೆ ತುಂಬುತ್ತೆ" ಎಂದು ಅವಳು ಬೆನ್ನು ತಿರುಗಿಸಿಯೇ ಹೇಳುತ್ತಿದ್ದಳು. ಅತ್ತೆಯಾಗುವವಳ ಚಪ್ಪಲಿ ಜೋಡಿಸುವುದು, ಹೆಂಡತಿಯಾಗುವವಳ ಅಕ್ಕನ ಊಟ ವಿಚಾರಿಸುವುದು. ಒಳ್ಳೆಯ ಅಳಿಯ. ಹಾಗೆಂದುಕೊಂಡಾಗಲೆಲ್ಲ ಅವಳ ಕೈಯ ಚಾಕು ಈರುಳ್ಳಿಯನ್ನು ಬೇಕಾದದ್ದಕ್ಕಿಂತ ಸಣ್ಣಗೆ ಹೆಚ್ಚುತ್ತಿತ್ತು.

ಒಂದು ಸಂಜೆ ಪರದೆಯ ಆಚೆಯಿಂದ ಅವನ ಧ್ವನಿ ಕೇಳಿತು.

"ನಿಮ್ಮಕ್ಕನಿಗೆ ಏನು ಕೊಟ್ರೆ ಬೇಡ ಅನ್ನಲ್ಲ?"

"ಅಕ್ಕ ಯಾರ ಕೈಯಿಂದ್ಲೂ ಏನೂ ಇಸ್ಕೊಳ್ಳಲ್ಲ ಮಾಸ್. ಮೊದಲು ಕೇಳೋ ಧೈರ್ಯ ಮಾಡಿ, ಕೊಡೋದು ಆಮೇಲೆ."

"ಸಾವಿರದ ದಿನ ಕಳೀಲಿ. ಅಲ್ಲೀತನಕ ಮದುವೆ ಮಾತು ಎತ್ತಬಾರದು. ಬು ಡಾಕ್ಟರ್ ನನಗೆ ತಾಯಿ ಇದ್ದ ಹಾಗೆ. ನೀವೂ ಬಾಯಿ ಬಿಡಬೇಡಿ."

ಮುರ್ನಿಗೆ ಇನ್ನೇನೂ ಕೇಳಿಸಬೇಕಾಗಿರಲಿಲ್ಲ. ಅಕ್ಕನನ್ನು ದಾಟಿ ತಂಗಿ ಮದುವೆಯಾಗುವುದಾದರೆ ಅಕ್ಕನಿಗೆ ಉಡುಗೊರೆ ಕೊಟ್ಟು ಅನುಮತಿ ಕೇಳುವುದು ಪದ್ಧತಿ. ಅಕ್ಕ ಕೇಳಿದ್ದನ್ನು ಕೊಡಬೇಕು. ಕೇಳುವುದಾದರೆ ಏನು ಕೇಳಲಿ? ಆ ಫೋಟೋ ಕೇಳಲೇ? ಅಥವಾ ಅವನ ನೆತ್ತಿಯ ಮೇಲಿನ ಆ ಹಟಮಾರಿ ಜುಟ್ಟನ್ನೇ?

ಆ ಸಂಜೆ ಅವಳು ಮಲ್ಲಿಗೆಯ ಚಹಾ ಕಡುಕಪ್ಪಾಗುವ ತನಕ ಕುದಿಸಿದಳು. ಕಲ್ಲುಸಕ್ಕರೆಯ ಡಬ್ಬಿಯ ಕಡೆಗೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಜೋಗ್ಯದಲ್ಲಿ ಅತಿಥಿಗೆ ಸಕ್ಕರೆಯಿಲ್ಲದ ಚಹಾ ಕೊಡುವುದು ಬಾಗಿಲು ಮುಚ್ಚಿ ಅಗುಳಿ ಹಾಕಿದ್ದಕ್ಕೆ ಸಮ.

ಕಿನಾಂತಿ ಖಾಲಿ ತಟ್ಟೆಯೊಡನೆ ವಾಪಸು ಬಂದಳು. "ಅಕ್ಕ, ಸಕ್ಕರೆ ಮರೆತಿದ್ದೀಯ. ಪಾಪ, ಪೂರ್ತಿ ಕುಡಿದ್ರು. ಮುಖ ಹೀಗೆ ಮಾಡ್ಕೊಂಡು."

"ಕೊಟ್ಟವಳು ನೀನಲ್ವಾ? ಸಿಹಿಯಾಗೇ ಇರುತ್ತೆ ಬಿಡು."

"ಏನಾಗಿದೆ ನಿಂಗೆ?"

"ಏನೂ ಇಲ್ಲ. ಸಕ್ಕರೆ ಖಾಲಿ."

ಮರುದಿನವೂ ಸಕ್ಕರೆ ಖಾಲಿಯಾಗಿತ್ತು. ಅದರ ಮರುದಿನವೂ. ಅವನು ಪ್ರತಿ ಸಲ ತಳದ ತನಕ ಕುಡಿದು, ಲೋಟ ತಂದಿಟ್ಟು, "ಊಟ ಆಯ್ತಾ?" ಎಂದು ಕೇಳಿ ಹೋದ. ಧ್ವನಿ ಮಾತ್ರ ದಿನದಿನಕ್ಕೆ ಸಣ್ಣದಾಯಿತು.

ಮುರ್ನಿ ವಾರ್ಸಿನಾಳ ಕಾಲಿಗೆ ಎಣ್ಣೆ ತಿಕ್ಕುತ್ತ, "ಬು, ಈ ಕೆಲಸ ಮುಗಿದ ಮೇಲೆ ನಾನು ಕ್ಲಾತೆನ್‌ಗೆ ಹೋಗ್ತೀನಿ. ಹೆತ್ತಮ್ಮನ ಹತ್ರ. ಅಲ್ಲಿ ಸ್ಕೂಲಿನ ಕ್ಯಾಂಟೀನ್ ನೋಡ್ಕೋ ಅಂತಿದ್ದಾರೆ" ಎಂದಳು.

ವಾರ್ಸಿನಾಳ ಕಾಲು ಅವಳ ಕೈಯಲ್ಲಿ ಬಿಗಿಯಾಯಿತು. "ಯಾರೇನಂದ್ರು ನಿಂಗೆ?"

"ಯಾರೂ ಏನೂ ಅನ್ನಲಿಲ್ಲ ಬು. ಮೀನು ಸಿಕ್ಕಿ ಇಪ್ಪತ್ತೇಳು ವರ್ಷ ಆಯ್ತಲ್ಲ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮುದುಕಿ ಅಳಲಿಲ್ಲ. ಎಣ್ಣೆಯಾದ ಅವಳ ಕೈಯನ್ನು ತನ್ನ ಸೆರಗಿನಿಂದ ಒಂದೊಂದೇ ಬೆರಳು ಹಿಡಿದು ಒರೆಸಿದಳು, ತುಂಬ ಹೊತ್ತು.

*

ಸಾವಿರದ ದಿನ ಮಧ್ಯಾಹ್ನ ಡಾಕ್ಟರ ಮನೆಯ ಅಂಗಳ ತುಂಬಿತು. ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಆ ಮಕ್ಕಳಲ್ಲಿ ಕೆಲವರ ಕಂಕುಳಲ್ಲಿ ಅವರದೇ ಮಕ್ಕಳು. ಯಾರೂ ಬಂಜೆ ಎಂಬ ಮಾತನ್ನು ಈ ಬಾಗಿಲೊಳಗೆ ಆಡಬಾರದೆಂದು ಡಾಕ್ಟರ್ ಒಬ್ಬ ಅತ್ತೆಯನ್ನು ಎಬ್ಬಿಸಿ ಹೊರಗೆ ಕಳಿಸಿದ ಕತೆಯನ್ನು ಒಬ್ಬಳು ಹೇಳಿದಳು. ಆಪರೇಷನ್ ಮಾಡಿಯೂ ಮಗುವಾಗದ ಇನ್ನೊಬ್ಬಳು, ಡಾಕ್ಟರ್ ತನ್ನ ಪಕ್ಕದಲ್ಲಿ ಸುಮ್ಮನೆ ಕೂತು ತನ್ನ ಜೊತೆ ಅತ್ತದ್ದನ್ನು ಹೇಳಿದಳು. ಅವಳೂ ತಪ್ಪದೆ ಬಂದಿದ್ದಳು.

ಮುರ್ನಿ ಹಿಂದಿನ ಅಡುಗೆಮನೆಯಲ್ಲಿದ್ದಳು. ತೆಂಗಿನಹಾಲಿನ ಅನ್ನ, ಇಡೀ ಕೋಳಿ, ಸತ್ತವರ ಹೆಸರಿನಲ್ಲಿ ಬೇಯಿಸುವ ಅಕ್ಕಿಹಿಟ್ಟಿನ ಅಪೆಮ್. ಕ್ಲಿನಿಕ್ಕಿನ ಕಡೆಯಿಂದ ಸ್ಪಿರಿಟ್ಟಿನ ಘಾಟು ಮೆಲ್ಲಗೆ ಬಂತು. ಕಣ್ಣು ಉರಿಯಿತು. ಹೊಗೆ ಎಂದುಕೊಂಡಳು.

ಅನ್ನ ಇಳಿಸಿ ಬುತ್ತಿ ಕಟ್ಟಲು ತೊಡಗಿದಾಗ ಜತ್ಮಿಕೋ ಬಂದ. ಬಿಳಿ ಅಂಗಿ, ತಲೆಗೆ ಕಪ್ಪು ಟೋಪಿ. ಜುಟ್ಟು ಕೊನೆಗೂ ಅಡಗಿತ್ತು.

"ಮೊದಲು ಕಟ್ಟಿದ್ದು ಯಾವುದು?"

ಅವಳು ಕಣ್ಣಿನಲ್ಲೇ ತೋರಿಸಿದಳು. ಅವನು ಆ ಪೆಟ್ಟಿಗೆಯನ್ನು ಎತ್ತಿಕೊಂಡು, ಜೇಬಿನಿಂದ ಮಲ್ಲಿಗೆಯ ಸಣ್ಣ ಮೊಳ ತೆಗೆದು ಅದಕ್ಕೆ ಸುತ್ತಿದ. ಗಂಟು ಎಷ್ಟು ನವುರಾಗಿತ್ತೆಂದರೆ ಹೂವಿಗೆ ನೋವಾಗುತ್ತದೇನೋ ಎಂಬಂತೆ. ಪೆಟ್ಟಿಗೆಯನ್ನು ಒಲೆಯ ಮೇಲಿನ ಗೂಡಿನಲ್ಲಿಟ್ಟು ಅಂಗಳಕ್ಕೆ ಹೋದ.

ಮುರ್ನಿ ಆ ಮಲ್ಲಿಗೆಯನ್ನು ನೋಡದಿರಲು ಮಾಡಿದ ಪ್ರಯತ್ನವೇ ಆ ದಿನದ ದೊಡ್ಡ ಕೆಲಸವಾಯಿತು.

ಅಂಗಳದಲ್ಲಿ ಕಿನಾಂತಿಯ ಹೆಸರು ಕರೆದರು. ಚಪ್ಪಾಳೆ. ಅವಳು ಹೆಲ್ಮೆಟ್ಟಿನ ಕತೆ ಹೇಳಿದಳು. ಎಲ್ಲರೂ ನಕ್ಕರು. ಆಮೇಲೆ ಪ್ರಾರ್ಥನೆ. ಆಮೇಲೆ ಕೈಯಿಂದ ಕೈಗೆ ಬುತ್ತಿಗಳು ಹೋದವು. ನೆರಳು ಉದ್ದವಾಗುವ ಹೊತ್ತಿಗೆ ಅಡುಗೆಮನೆಯಲ್ಲಿ ಉಳಿದದ್ದು ಪಾತ್ರೆಗಳು, ಮುರ್ನಿ, ಮತ್ತು ಗೂಡಿನ ಮೇಲಿನ ಆ ಒಂದು ಪೆಟ್ಟಿಗೆ.

"ಇದು ಬೆಕ್ಕುಗಳ ಬಾಗಿಲು ಅಂತ ಗೊತ್ತು. ಒಳಗೆ ಬರ್ಲಾ?"

ಹಿಂಬಾಗಿಲಲ್ಲಿ ಜತ್ಮಿಕೋ. ಟೋಪಿ ಕೈಯಲ್ಲಿತ್ತು. ಜುಟ್ಟು ಮತ್ತೆ ಎದ್ದಿತ್ತು.

"ಬನ್ನಿ. ನಿಮ್ಮ ಪೆಟ್ಟಿಗೆ ಅಲ್ಲೇ ಇದೆ. ಕಿನಾಂತಿ ಅಂಗಳದಲ್ಲಿದ್ದಾಳೆ."

"ಕಿನಾಂತಿ ಯಾಕೆ?"

"ಮಾಸ್, ಸುತ್ತಿ ಬಳಸಿ ಮಾತು ಬೇಡ." ಅವಳು ಪಾತ್ರೆಯನ್ನು ಅದರ ಮಸಿಯ ಜೊತೆ ತಳವೂ ಹೋಗುವಂತೆ ಉಜ್ಜಿದಳು. "ನನ್ನ ಒಪ್ಪಿಗೆ ಇದೆ. ಅವಳನ್ನ ಮದುವೆ ಆಗಿ. ನನಗೆ ಉಡುಗೊರೆ ಏನೂ ಬೇಡ. ನಾಳೆ ಕ್ಲಾತೆನ್‌ಗೆ ಹೋಗ್ತಿದ್ದೀನಿ, ದಾಟೋಕೆ ಅಕ್ಕನೇ ಇರಲ್ಲ."

ಅವಳು ತಲೆ ಎತ್ತಿದಳು. ಅವನ ಮುಖದಲ್ಲಿ ಬೆರಗು, ಅದರ ಹಿಂದಿನಿಂದ ಮೆಲ್ಲಗೆ ಎದ್ದು ಬರುತ್ತಿದ್ದ ನಗು.

"ಅದಕ್ಕೇನಾ ಸಕ್ಕರೆ ಇಲ್ದಿರೋ ಚಹಾ?"

ಮುರ್ನಿಯ ಕಿವಿ ಬಿಸಿಯಾಯಿತು.

"ನಾನೇನು ಅಂದ್ಕೊಂಡಿದ್ದೆ ಗೊತ್ತಾ? ಚಹಾ ಬೇರೆಯವರ ಕೈಯಲ್ಲಿ ಬರುತ್ತೆ, ಅದರಲ್ಲೂ ಸಕ್ಕರೆ ಇಲ್ಲ. ನನ್ನ ತಂಟೆಗೆ ಬರ್ಬೇಡ ಅಂತ ಇದಕ್ಕಿಂತ ಬಿಡಿಸಿ ಯಾರು ಹೇಳ್ತಾರೆ?"

"ಹಾಗಿದ್ರೆ ಮತ್ತೆ ಮತ್ತೆ ಯಾಕೆ ಬರ್ತಿದ್ರಿ?"

"ಲೋಟ ವಾಪಸ್ ಕೊಡೋಕೆ ಅಡುಗೆಮನೆ ಬಾಗಿಲ ತನಕ ಬರಬಹುದಿತ್ತಲ್ಲಾ."

ಅವಳ ಕೈಯಿಂದ ತೆಂಗಿನ ನಾರು ಜಾರಿ ನೀರಿಗೆ ಬಿತ್ತು.

"ಆದ್ರೆ ನೀವು ಆ ಫೋಟೋನ ಅಷ್ಟು ಹೊತ್ತು..."

"ನಾಲ್ಕು ಬೆರಳು ನೋಡ್ತಿದ್ದೆ. ನೀವಾ ಅಲ್ವಾ ಅಂತ." ಅವನು ಅವಳ ಒದ್ದೆ ಕೈಯನ್ನು ನೋಡಿದ, ಮುಟ್ಟಲಿಲ್ಲ. "ಬನ್ನಿ, ಒಂದು ತೋರಿಸ್ತೀನಿ."

ಪರದೆ ಸರಿಸಿ ಕರೆದುಕೊಂಡು ಹೋದ. ಆಪರೇಷನ್ ಕೋಣೆಯ ಹೊರಗೆ ವೈದ್ಯರು ಕೈ ತೊಳೆಯುವ ತೊಟ್ಟಿ. ಅದರ ಮೇಲೆ ಗೋಡೆಯಲ್ಲಿ ಅದೇ ಫೋಟೋ, ಕತ್ತರಿ ಬೀಳದ್ದು. ಡಾಕ್ಟರ್, ಕೂಸು, ವಾರ್ಸಿನಾ. ಮತ್ತು ಡಾಕ್ಟರ ಕೋಟು ಹಿಡಿದು ನಿಂತ, ಕೆನ್ನೆಯ ಮೇಲೆ ಅನ್ನದ ಅಗುಳು ಅಂಟಿಸಿಕೊಂಡ ಒಬ್ಬ ಹುಡುಗಿ. ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತಿದ್ದಳು.

"ಚಾಕು ಹಿಡಿಯೋ ಮೊದಲು ದಿನಾ ಈ ಮುಖ ನೋಡ್ಬೇಕು ಅನ್ನೋರು ಬು ಡಾಕ್ಟರ್. ಮಗು ಬರೋ ಮನೇಲಿ ಮೊದಲೇ ಬಂದು ಕಾಯ್ತಾ ಇರೋ ಮಗು ಇರುತ್ತೆ, ಅದನ್ನ ಮರೀಬೇಡ ಅನ್ನೋರು. ನಾನು ಇಷ್ಟು ವರ್ಷ ನಿಮ್ಮ ಮುಖ ನೋಡ್ಕೊಂಡೇ ಕೈ ತೊಳೆದಿದ್ದೀನಿ. ಮೊದಲ ದಿನ ಅಡುಗೆಮನೇಲಿ ಕೆನ್ನೆ ಮೇಲೆ ಮಸಿ ಇತ್ತಲ್ಲ, ಅನುಮಾನ ಬಂತು. ಆ ದುರುಗುಟ್ಟೋ ನೋಟ ನೋಡಿ ಇನ್ನೂ ಬಂತು."

ಮುರ್ನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಿಮಗೇನು ಗೊತ್ತು, ಕಾಯ್ತಾ ಇರೋದು ಅಂದ್ರೆ" ಎಂದಳು.

"ಗೊತ್ತು." ಅವನ ಧ್ವನಿ ಇಳಿಯಿತು. "ನಾನೂ ಗಾಳದ ಕೂಸೇ. ನಮ್ಮ ದೊಡ್ಡಪ್ಪನ ಮನೇಲಿ. ಅವರಿಗೆ ಮಗ ಹುಟ್ಟಿದ ವಾರವೇ ನನ್ನನ್ನ ಬಸ್ ಹತ್ತಿಸಿದ್ರು. ಅವನ ನಾಮಕರಣದ ದಿನ ಬು ಡಾಕ್ಟರ್ ಮೊದಲ ಬುತ್ತಿ ಇಸ್ಕೊಂಡು, ದೊಡ್ಡ ಹುಡುಗ ಎಲ್ಲಿ ಅಂತ ಕೇಳಿದ್ರಂತೆ. ಇಲ್ಲ ಅಂದ್ರಂತೆ. ಮೊದಲ ಬುತ್ತಿ ಮೊದಲು ಬಂದ ಮಗುವಿಗೆ ಅಂತ ಅದನ್ನ ಹಿಡ್ಕೊಂಡು ಬಸ್ಸಲ್ಲಿ ನಮ್ಮೂರಿಗೇ ಬಂದ್ರು. ಆಮೇಲೆ ನನ್ನ ಓದೂ ಅವರದೇ. ಆ ತಮ್ಮನ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು. ಒಳ್ಳೆ ಹುಡುಗ ಅವನು. ಆದ್ರೂ."

"ಆದ್ರೂ" ಎಂದಳು ಮುರ್ನಿ. ಆ ಒಂದು ಮಾತನ್ನು ಅವಳು ಇಷ್ಟು ವರ್ಷದಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ.

ಅಡುಗೆಮನೆಗೆ ವಾಪಸು ಬಂದಾಗ ಅವನು ಗೂಡಿನಿಂದ ಮಲ್ಲಿಗೆ ಸುತ್ತಿದ ಪೆಟ್ಟಿಗೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತ.

"ಸಾವಿರದ ದಿನ ಮುಗೀತು. ಕೇಳಬಹುದಲ್ವಾ ಈಗ?"

"ಕೇಳೋಕೆ ಮುಂಬಾಗಿಲಿಂದ ಬರ್ಬೇಕು. ಹಿರಿಯರನ್ನ ಕರ್ಕೊಂಡು."

"ಚಹಾ ಯಾರು ತರ್ತಾರೆ?"

ಅವಳು ಪೆಟ್ಟಿಗೆಯನ್ನು ತೆಗೆದುಕೊಂಡಳು. ಬಿದಿರು ಇನ್ನೂ ಬೆಚ್ಚಗಿತ್ತು. "ನಾನೇ" ಎಂದಳು. "ಸಕ್ಕರೆ ಎಷ್ಟು ಅಂತ ಆಮೇಲೆ ನೋಡೋಣ."

ಪರದೆಯ ಹಿಂದಿನಿಂದ ಕಿನಾಂತಿಯ ಧ್ವನಿ ಬಂತು. "ಅಬ್ಬಾ! ಆ ಕಹಿ ಕಷಾಯ ಹೊತ್ತು ಹೊತ್ತು ನನ್ನ ಕೈ ಬಿದ್ದುಹೋಯ್ತು. ಬು, ಇನ್ನು ಬನ್ನಿ ಮನೆಗೆ, ಕ್ಲಾತೆನ್ ಕ್ಯಾನ್ಸಲ್!" ವಾರ್ಸಿನಾ ಅವಳ ಬಾಯಿ ಮುಚ್ಚಿರಬೇಕು, ಮುಂದಿನ ಮಾತು ಅರ್ಧಕ್ಕೇ ನಿಂತಿತು. ಚಪ್ಪಲಿಗಳ ಸದ್ದು ದೂರವಾಯಿತು.

ತಂಗಿಯ ಆ ನಗು ಕೇಳಿ ಮುರ್ನಿಯೊಳಗಿನ ಮುಳ್ಳು ಒಮ್ಮೆ ಆಡಿತು. ಪೂರ್ತಿ ಹೋಗುವಂಥದ್ದಲ್ಲ ಅದು. ಇರಲಿ ಎಂದುಕೊಂಡಳು.

"ನಿಮ್ಮ ಬುತ್ತಿ ಎಲ್ಲಿ ಮಾಸ್?"

"ಕೊನೆಗೆ ಒಬ್ಬ ಅಜ್ಜಿಗೆ ಸಿಗಲಿಲ್ಲ, ನನ್ನದನ್ನ ಕೊಟ್ಟೆ. ಬು ಡಾಕ್ಟರ್ ಹೋದ ಮೇಲೆ ನನಗೆ ಅಂತ ಯಾರೂ ಎತ್ತಿಡಲ್ಲ. ಅಭ್ಯಾಸ ಆಗಿದೆ."

ಮುರ್ನಿ ಒಲೆಯ ಪಕ್ಕದ ಹಂಡೆಯ ತಳದಿಂದ, ಕಂದು ಬಣ್ಣಕ್ಕೆ ತಿರುಗಿ ಘಮಘಮಿಸುತ್ತಿದ್ದ ಅನ್ನವನ್ನು ಬಾಳೆಲೆಗೆ ಕೆರೆದು ಹಾಕಿದಳು. ಕೋಳಿಯ ಒಂದು ತುಂಡು, ಕೊನೆಯ ಅಪೆಮ್. ಎಲೆಯನ್ನು ಮಡಿಸಿದಳು. ಕಟ್ಟಲು ದಾರ ಸಿಗಲಿಲ್ಲ. ತನ್ನ ಪೆಟ್ಟಿಗೆಯ ಮಲ್ಲಿಗೆಯಲ್ಲಿ ಅರ್ಧ ಬಿಚ್ಚಿ ಅದಕ್ಕೆ ಸುತ್ತಿ, ಅವನ ಕೈಗಿಟ್ಟಳು.